ಅಂಚೆಯಲ್ಲಿ ಹೋದ ಲ್ಯಾಬು

ಹೋದ ತಿಂಗಳು ನಮ್ಮ ಟೀಮಿಗೆ ಒಬ್ಬರನ್ನು ತಗೊಳ್ಳೋಕೆ ಇಂಟರ್‌ವ್ಯೂ ನಡೀತಿತ್ತು. ಎರಡು ವರ್ಷ ಅನುಭವ ಇರೋರು ಬೇಕಿತ್ತು, ಹಾಗಾಗಿ ಬಂದಿದ್ದ ರೆಸ್ಯೂಮ್‌ಗಳಲ್ಲಿ ಹೆಚ್ಚಿನವು 2023ರಲ್ಲಿ ಬಿಇ ಮುಗಿಸಿದವರದ್ದು. ಪಕ್ಕದಲ್ಲಿ ಕೂತಿದ್ದ ಸೀನಿಯರ್ ಒಬ್ಬರು ಲ್ಯಾಪ್‌ಟಾಪ್ ನೋಡ್ತಾ, "ಓ, ಕೊರೊನಾ ಬ್ಯಾಚು. ಲ್ಯಾಬೇ ನೋಡದೆ ಪಾಸಾದವರು" ಅಂದರು. ಎದುರಿಗೆ ಕೂತಿದ್ದ ಹುಡುಗನಿಗೆ ಕೇಳಿಸಲಿಲ್ಲ ಅಂದ್ಕೊಂಡಿದ್ದೀನಿ. ಕೇಳಿಸಿದ್ದರೂ ಅವನು ತೋರಿಸಿಕೊಳ್ಳಲಿಲ್ಲ.

ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಆದರೆ ಆ ಬ್ಯಾಚಿನ ಅರವತ್ತೆರಡು ಜನರ ಲ್ಯಾಬು ಹೇಗೆ ನಡೀತು ಅನ್ನೋದು ನನಗೆ ಹತ್ತಿರದಿಂದ ಗೊತ್ತು. ಅದರಲ್ಲಿ ನನ್ನ ಕೈಯೂ ಸ್ವಲ್ಪ ಇತ್ತು. ಮೊದಲು ಎಡವಟ್ಟು ಮಾಡಿದ್ದೇ ಆ ಕೈ.

ನಾನು ಓದಿದ್ದು ವಿಟಿಯು ಅಡಿಯ ಇನ್ನೂರಕ್ಕೂ ಹೆಚ್ಚು ಕಾಲೇಜುಗಳಲ್ಲಿ ಒಂದರಲ್ಲಿ, ಎಲೆಕ್ಟ್ರಾನಿಕ್ಸ್ ಆ್ಯಂಡ್ ಕಮ್ಯುನಿಕೇಶನ್, 2016ರ ಬ್ಯಾಚು. ಕಾಲೇಜಿನ ಹೆಸರು ಬೇಡ, ಯಾಕೆ ಅಂತ ಮುಂದೆ ಗೊತ್ತಾಗುತ್ತೆ. 2020ರ ಮಾರ್ಚ್ 14ರಿಂದ ಒಂದು ವಾರ ಅಂತ ಸರ್ಕಾರ ಕಾಲೇಜು ಮುಚ್ಚಿಸಿತು. ಆ ಒಂದು ವಾರ ಎಷ್ಟು ಉದ್ದ ಆಯ್ತು ಅಂತ ನಿಮಗೆ ಹೇಳಬೇಕಾಗಿಲ್ಲ. ನಾನು ಬೆಂಗಳೂರಿನ ರೂಮಿಗೆ ಬೀಗ ಹಾಕಿ ಕೊಪ್ಪದ ಹತ್ತಿರದ ನಮ್ಮೂರಿಗೆ ಹೋಗಿ, ಅಟ್ಟದ ಕಿಟಕಿ ಪಕ್ಕ ಡಾಂಗಲ್ ಇಟ್ಕೊಂಡು ಕೆಲಸ ಮಾಡ್ತಿದ್ದೆ. ಏಪ್ರಿಲ್ ಕೊನೆಯಲ್ಲಿ ನಮ್ಮ ಎಚ್‌ಒಡಿ ಮೇಡಂ ಫೋನ್ ಬಂತು.

"ಏನಪ್ಪಾ, ಸಾಫ್ಟ್‌ವೇರ್‌ನೋನು ನೀನು. ಥಿಯರಿ ಹೇಗೋ ಫೋನಲ್ಲಿ ಮಾಡ್ತಿದ್ದೀವಿ. ಲ್ಯಾಬ್ ಏನು ಮಾಡೋದು ಹೇಳು."

ಥಿಯರಿಯನ್ನು ಅವರು "ಹೇಗೋ" ಅಂದಿದ್ದು ವಿನಯಕ್ಕೆ. ಮೂವತ್ತು ವರ್ಷ ಕರಿಹಲಗೆ ಮೇಲೆ ಬರೆದವರು ಎರಡೇ ವಾರದಲ್ಲಿ ಹೊಸ ಕಸುಬು ಕಲಿತಿದ್ದರು. ಒಬ್ಬ ಸರ್ ಪ್ಲಾಸ್ಟಿಕ್ ಸ್ಟೂಲಿನ ಸೀಟಿನಲ್ಲಿರೋ ತೂತಿನ ಮೇಲೆ ಫೋನ್ ಮಲಗಿಸಿ, ಅದರ ಕೆಳಗೆ ಹಾಳೆ ಇಟ್ಟು ನೆಟ್‌ವರ್ಕ್ ಅನಾಲಿಸಿಸ್ ಮಾಡ್ತಿದ್ದರು. ಇನ್ನೊಬ್ಬರು ಮೊಮ್ಮಗಳ ಸ್ಲೇಟು ತಗೊಂಡಿದ್ದರು. ಪಾಠದ ಮಧ್ಯೆ ಕುಕ್ಕರ್ ಕೂಗೋದು, "ಸರ್, ನಿಮ್ಮದು ಮ್ಯೂಟಲ್ಲಿದೆ" ಅನ್ನೋದು ಎಲ್ಲ ಮಾಮೂಲಿ. ಹುಡುಗರ ಹತ್ತಿರ ಇದ್ದದ್ದು ದಿನಕ್ಕೆ ಒಂದೂವರೆ ಜಿಬಿ ಪ್ಯಾಕು. ಎಷ್ಟೋ ಮನೆಯಲ್ಲಿ ಅದನ್ನೇ ತಮ್ಮನೂ ತಂಗಿಯೂ ಹಂಚಿಕೊಳ್ಳಬೇಕು.

ಲ್ಯಾಬಿಗೆ ನಾನು ಕಂಡುಕೊಂಡ ಉಪಾಯ, ಸಹಜವಾಗಿ, ಒಂದು ವೆಬ್‌ಸೈಟು. ಬ್ರೌಸರಿನಲ್ಲೇ ಓಡುವ ಓಪನ್ ಸೋರ್ಸ್ ಸರ್ಕ್ಯೂಟ್ ಸಿಮ್ಯುಲೇಟರ್ ಒಂದನ್ನು ತಗೊಂಡು, ಎರಡು ವೀಕೆಂಡ್ ಕೂತು, ಲಾಗಿನ್ನು, ಎಕ್ಸ್‌ಪೆರಿಮೆಂಟ್ ಪಟ್ಟಿ, ಸ್ಕ್ರೀನ್‌ಶಾಟ್ ಸಬ್‌ಮಿಟ್ ಮಾಡೋ ಬಟನ್ನು ಎಲ್ಲ ಸೇರಿಸಿದೆ. ಮೇ ತಿಂಗಳಲ್ಲಿ ನಾಲ್ಕನೇ ಸೆಮಿಸ್ಟರಿನವರ ಉಳಿದಿದ್ದ ಎಕ್ಸ್‌ಪೆರಿಮೆಂಟ್‌ಗಳಿಗೆ ಅದನ್ನು ಬಳಸಿದರು. ಮೊದಲ ದಿನ ಸರ್ವರ್ ಮಲಗಿತು, ಫ್ರೀ ಪ್ಲಾನ್ ಅಲ್ವಾ. ಮಾರನೇ ದಿನ ಎದ್ದಿತು. ವಾರದೊಳಗೆ ಎಲ್ಲರ ಸಬ್‌ಮಿಶನ್ನೂ ಬಂತು. ನಾನು ಹೆಮ್ಮೆಯಿಂದ ಬೀಗಿದೆ.

ಆ ಬಲೂನಿಗೆ ಸೂಜಿ ಚುಚ್ಚಿದ್ದು ನಮ್ಮ ಲ್ಯಾಬ್ ಇನ್‌ಸ್ಟ್ರಕ್ಟರ್ ಸರ್. ವಿಟಿಯುನಲ್ಲಿ ಓದಿದವರಿಗೆ ಈ ಹುದ್ದೆ ಗೊತ್ತು. ಡಿಪ್ಲೊಮಾ ಮಾಡಿದವರು. ಬೋರ್ಡ್ ಮೇಲೆ ಹೆಸರಿರಲ್ಲ, ಆದರೆ ಪ್ರೊಫೆಸರುಗಳೇ ಸಿಆರ್‌ಒ ಕೈಕೊಟ್ಟಾಗ ಇವರನ್ನು ಕರೀತಾರೆ. ಅವರು ಫೋನ್ ಮಾಡಿ ಹೇಳಿದ್ದು ಇಷ್ಟು: "ನೋಡಪ್ಪ, ಚೆನ್ನಾಗಿ ಮಾಡಿದೀಯ. ಆದ್ರೆ ಎಲ್ಲರದ್ದೂ ಮೊದಲನೇ ಸಲಕ್ಕೇ ಔಟ್‌ಪುಟ್ ಬಂದುಬಿಟ್ಟಿದೆ. ಇಪ್ಪತ್ತೆಂಟು ವರ್ಷದಲ್ಲಿ ನನ್ನ ಲ್ಯಾಬಲ್ಲಿ ಹೀಗೆ ಆಗಿದ್ದೇ ಇಲ್ಲ."

ನಾನು ಸ್ಕ್ರೀನ್‌ಶಾಟ್‌ಗಳನ್ನು ತೆರೆದು ನೋಡಿದೆ. ಸುಮಾರು ನಲವತ್ತರಲ್ಲಿ ಮೌಸಿನ ಬಾಣ ಒಂದೇ ಜಾಗದಲ್ಲಿತ್ತು. ಒಬ್ಬ ಮಾಡಿದ್ದು, ಉಳಿದವರು ವಾಟ್ಸ್‌ಆ್ಯಪ್‌ನಲ್ಲಿ ತಗೊಂಡಿದ್ದು.

ಕಾಪಿ ಹೊಡೆದಿದ್ದು ದೊಡ್ಡ ವಿಷಯ ಅಲ್ಲ, ನಾವೂ ರೆಕಾರ್ಡ್ ಕಾಪಿ ಹೊಡೆದವರೇ. ಅವರು ಹೇಳಿದ್ದು ಬೇರೆ. ಸಿಮ್ಯುಲೇಟರ್‌ನಲ್ಲಿ ಲೂಸ್ ಕನೆಕ್ಷನ್ ಇರಲ್ಲ. ಸುಟ್ಟ ಐಸಿ ಇರಲ್ಲ, ಒಳಗೆ ಮುರಿದುಹೋದ ವೈರ್ ಇರಲ್ಲ, ಬ್ರೆಡ್‌ಬೋರ್ಡಿನ ಸಡಿಲ ತೂತು ಇರಲ್ಲ. ಮೂರು ಗಂಟೆಯ ಲ್ಯಾಬಿನಲ್ಲಿ ಸರ್ಕ್ಯೂಟ್ ಹಾಕೋಕೆ ಅರ್ಧ ಗಂಟೆ. ಮಿಕ್ಕ ಎರಡೂವರೆ ಗಂಟೆ ಯಾಕೆ ಬರ್ತಿಲ್ಲ ಅಂತ ಹುಡುಕೋದೇ. ಆ ಎರಡೂವರೆ ಗಂಟೆಯನ್ನೇ ನನ್ನ ವೆಬ್‌ಸೈಟು ಕಿತ್ತು ಹಾಕಿತ್ತು. ಐಐಟಿಗಳು, ಸುರತ್ಕಲ್ ಎನ್‌ಐಟಿಕೆ ಎಲ್ಲ ಸೇರಿ ಮಾಡಿರೋ ಕೇಂದ್ರ ಸರ್ಕಾರದ ವರ್ಚುವಲ್ ಲ್ಯಾಬ್ಸ್ ಅಂತ ಒಂದಿದೆ, ಅದನ್ನೂ ನಮ್ಮವರು ಬಳಸಿದರು. ಕಾನ್ಸೆಪ್ಟ್ ಅರ್ಥವಾಗೋಕೆ ಅದು ನಿಜಕ್ಕೂ ಒಳ್ಳೇದು. ಕೈ ಪಳಗೋಕೆ ಮಾತ್ರ ಅಲ್ಲ.

ಅಷ್ಟರಲ್ಲಿ ಜುಲೈ ಬಂತು. 10ನೇ ತಾರೀಕು ಸರ್ಕಾರ ಘೋಷಿಸಿತು: ಕೊನೆ ಸೆಮಿಸ್ಟರ್ ಬಿಟ್ಟು ಉಳಿದವರಿಗೆ ಪರೀಕ್ಷೆ ಇಲ್ಲ. ಇಂಟರ್ನಲ್ಸ್‌ಗೆ ಅರ್ಧ, ಹಿಂದಿನ ಮಾರ್ಕ್ಸಿಗೆ ಅರ್ಧ. ಮೊದಲ ವರ್ಷದವರಿಗೆ ಪೂರ್ತಿ ಇಂಟರ್ನಲ್ಸ್ ಮೇಲೆ. ಕೊನೆ ವರ್ಷದವರ ಗೋಳು ಸುಪ್ರೀಂ ಕೋರ್ಟಿನವರೆಗೂ ಹೋಗಿ, ಪರೀಕ್ಷೆ ಬರೆಯದೆ ಡಿಗ್ರಿ ಇಲ್ಲ ಅಂತ ಆಗಸ್ಟ್ 28ಕ್ಕೆ ತೀರ್ಮಾನವಾಯ್ತು. ಅದು ಬೇರೆಯೇ ಕತೆ. ನಮ್ಮ ಡಿಪಾರ್ಟ್‌ಮೆಂಟಿನ ತಲೆನೋವು ಆ ಮೊದಲ ವರ್ಷದವರು. ಮುಂದಿನ ಸೆಮಿಸ್ಟರಿಗೆ ಅವರೇ ಮೂರನೇ ಸೆಮಿಸ್ಟರು. ಅಂದ್ರೆ ಎಲೆಕ್ಟ್ರಾನಿಕ್ಸ್ ಬ್ರ್ಯಾಂಚಿನ ಮೊದಲ ಡಿಜಿಟಲ್ ಲ್ಯಾಬ್. ಬ್ರೆಡ್‌ಬೋರ್ಡನ್ನು ಕೈಯಲ್ಲಿ ಹಿಡಿದೇ ಇಲ್ಲದವರು.

"ಅವರು ಇಲ್ಲಿಗೆ ಬರೋ ಹಾಗಿಲ್ಲ ಅಂದ್ರೆ ಲ್ಯಾಬೇ ಅಲ್ಲಿಗೆ ಹೋಗ್ಲಿ" ಅಂದಿದ್ದು ಇನ್‌ಸ್ಟ್ರಕ್ಟರ್ ಸರ್. ಮೇಡಂ ಪಟ್ಟಿ ಮಾಡಿದರು. ಒಬ್ಬೊಬ್ಬರಿಗೆ ಒಂದು ಬ್ರೆಡ್‌ಬೋರ್ಡ್, ಒಂದು ಅಗ್ಗದ ಮಲ್ಟಿಮೀಟರ್, ಎಲ್‌ಇಡಿ, ರೆಸಿಸ್ಟರು, ಒಂದಷ್ಟು ಐಸಿ. ಲೆಕ್ಕ ಹಾಕಿದರೆ ಕಿಟ್ಟಿಗೆ 390 ರೂಪಾಯಿ, ಒಟ್ಟು ಇಪ್ಪತ್ನಾಲ್ಕು ಸಾವಿರ ಚಿಲ್ಲರೆ. ಆಫೀಸಿನಿಂದ ಬರಲ್ಲ ಅಂತ ಕೇಳೋಕೆ ಮುಂಚೆನೇ ಗೊತ್ತಿತ್ತು. ನಮ್ಮ ಬ್ಯಾಚಿನ ಗ್ರೂಪಿಗೆ ಹಾಕಿದೆ. ಗುಡ್ ಮಾರ್ನಿಂಗ್ ಫೋಟೋ ಮಾತ್ರ ಹಾಕ್ತಿದ್ದ ಗ್ರೂಪು, ಎರಡು ಗಂಟೆಯಲ್ಲಿ ದುಡ್ಡು ಸೇರಿತು.

ಸಾಮಾನು ತರೋಕೆ ನಾನೇ ಹೋದೆ, ಹೇಗೂ ರೂಮ್ ಖಾಲಿ ಮಾಡಬೇಕಿತ್ತು. ಜುಲೈ 13, ಸೋಮವಾರ. ಮಂಗಳವಾರ ರಾತ್ರಿಯಿಂದ ಬೆಂಗಳೂರು ಮತ್ತೆ ಒಂದು ವಾರ ಲಾಕ್‌ಡೌನ್ ಅಂತ ಆಗಿತ್ತು. ಊರಿಗೆ ಊರೇ ಗಂಟುಮೂಟೆ ಕಟ್ತಿತ್ತು. ಅದರ ಮಧ್ಯೆ ನಾನು ಎಸ್‌ಪಿ ರೋಡಲ್ಲಿ ಮಾಸ್ಕ್ ಮೇಲೊಂದು ಮಾಸ್ಕ್ ಹಾಕ್ಕೊಂಡು, "7400 ಎಪ್ಪತ್ತು ಕೊಡಿ, 7490 ಎಪ್ಪತ್ತು ಕೊಡಿ" ಅಂತ ಕೂಗ್ತಿದ್ದೆ. ಅಂಗಡಿಯವರು ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಎಣಿಸಿ ಕೊಟ್ಟು, ಐದು ಐದು ಜಾಸ್ತಿ ಹಾಕಿದರು. ಯಾಕೆ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮುಂದಿನ ಕೆಲಸವೆಲ್ಲ ಇನ್‌ಸ್ಟ್ರಕ್ಟರ್ ಸರ್ ಮನೆಯ ಹಜಾರದಲ್ಲಿ. ಕಾಲೇಜಿನ ಐಸಿ ಟೆಸ್ಟರನ್ನು ಮನೆಗೇ ತಂದು ಒಂದೊಂದೇ ಐಸಿ ಪರೀಕ್ಷೆ ಮಾಡಿದರು. ಕಾಲು ಬಗ್ಗದ ಹಾಗೆ ಥರ್ಮೋಕೋಲ್ ತುಂಡಿಗೆ ಚುಚ್ಚಿಟ್ಟರು. ಜಂಪರ್ ವೈರಿಗೆ ದುಡ್ಡು ಹಾಕಲೇ ಇಲ್ಲ; ಹಳೇ ಟೆಲಿಫೋನ್ ಕೇಬಲ್ ಸುಲಿದರೆ ಒಳಗೆ ಬಣ್ಣಬಣ್ಣದ ಒಂಟಿ ಎಳೆ ವೈರು ಸಿಗುತ್ತಲ್ಲ, ಅದನ್ನೇ ಗೇಣುದ್ದ ಕತ್ತರಿಸಿ ಕಟ್ಟು ಕಟ್ಟಿದರು. ಅವರ ಹೆಂಡತಿ, ಪಿಯುಸಿ ಓದೋ ಮಗ ಪ್ಯಾಕಿಂಗಿಗೆ. ಸ್ವೀಟ್ ಡಬ್ಬಿಯಂಥ ರಟ್ಟಿನ ಅರವತ್ತೆರಡು ಡಬ್ಬಿ. ಆಗಸ್ಟ್ ಕೊನೆಗೆ ಎಲ್ಲ ಅಂಚೆಗೆ ಬಿದ್ದವು: ಕುಷ್ಟಗಿ, ಹಗರಿಬೊಮ್ಮನಹಳ್ಳಿ, ಹೊಸನಗರ, ಕೆ.ಆರ್. ಪೇಟೆ. ಸಿಇಟಿ ಸೀಟು ಅಂದ್ರೆ ಹಾಗೇ, ರಾಜ್ಯದ ಎಲ್ಲ ಮೂಲೆಯ ಮಕ್ಕಳೂ ಇರ್ತಾರೆ.

ಇಲ್ಲಿ ಸ್ವಲ್ಪ ಟೆಕ್ನಿಕಲ್ ಆಗ್ತೀನಿ, ಸಹಿಸಿಕೊಳ್ಳಿ. ಲ್ಯಾಬಿನಲ್ಲಿ ಪವರ್ ಸಪ್ಲೈ ಇರುತ್ತೆ, ಕ್ಲಾಕ್ ಕೊಡೋಕೆ ಫಂಕ್ಷನ್ ಜನರೇಟರ್ ಇರುತ್ತೆ, ನೋಡೋಕೆ ಸಿಆರ್‌ಒ ಇರುತ್ತೆ. ಮನೆಯಲ್ಲಿ ಮೂರೂ ಇಲ್ಲ. ಆದರೆ 74 ಸೀರೀಸ್ ಐಸಿಗಳಿಗೆ ಬೇಕಾಗಿದ್ದು ಐದು ವೋಲ್ಟು. ಮೊಬೈಲ್ ಚಾರ್ಜರ್ ಕೊಡೋದೂ ಐದು ವೋಲ್ಟೇ. ಹಳೇ ಕೇಬಲ್ಲಿನ ತುದಿ ಕತ್ತರಿಸಿ, ಕೆಂಪು ಕಪ್ಪು ವೈರು ಹೊರಗೆಳೆದು, ಮೊದಲು ಮಲ್ಟಿಮೀಟರ್ ಹಿಡಿದು ನೋಡಿ ಆಮೇಲೆ ಜೋಡಿಸಬೇಕು. ಕ್ಲಾಕಿಗೆ 555 ಟೈಮರ್. ಎರಡು 47 ಕಿಲೋ ಓಮ್ ರೆಸಿಸ್ಟರು, ಒಂದು 10 ಮೈಕ್ರೋಫ್ಯಾರಡ್ ಕೆಪಾಸಿಟರು ಹಾಕಿದರೆ ಅದು ಹೆಚ್ಚುಕಡಿಮೆ ಸೆಕೆಂಡಿಗೆ ಒಂದು ಸಲ ಮಿಣುಕುತ್ತೆ. ಅಷ್ಟು ನಿಧಾನ ಆದಮೇಲೆ ಸಿಆರ್‌ಒ ಯಾಕೆ ಬೇಕು? ಕಣ್ಣೇ ಸಾಕು. ನಾಲ್ಕು ಎಲ್‌ಇಡಿ ಇಟ್ಟರೆ ಕೌಂಟರ್ ಎಣಿಸೋದು ಕೂತು ನೋಡಬಹುದು.

ಯಾರಿಗೂ ಹೊಳೆಯದೇ ಇದ್ದ ಒಂದು ತೊಂದರೆ ಮೊದಲ ವಾರವೇ ಬಂತು. ಎಷ್ಟೋ ಮನೆಯಲ್ಲಿ ಇದ್ದದ್ದು ಒಂದೇ ಚಾರ್ಜರ್. ಅದು ಸರ್ಕ್ಯೂಟಿಗೆ ಹೋದರೆ ಕ್ಲಾಸಿನ ಫೋನು ಸಾಯುತ್ತೆ. ಹಾಗಾಗಿ ಲ್ಯಾಬನ್ನು ಕ್ಲಾಸ್ ಟೈಮಿಂದ ತೆಗೆದು ಸಂಜೆಗೆ ಹಾಕಿದರು, ಅದೂ ವಿಡಿಯೊ ಕಾಲ್ ಅಲ್ಲ, ಮಾಮೂಲಿ ಫೋನ್ ಕಾಲ್. ಅರವತ್ತೆರಡು ಜನರನ್ನು ಮೇಡಂ, ಇನ್‌ಸ್ಟ್ರಕ್ಟರ್ ಸರ್, ಇನ್ನೊಬ್ಬ ಅಸಿಸ್ಟೆಂಟ್ ಪ್ರೊಫೆಸರ್ ತಲಾ ಇಪ್ಪತ್ತರಂತೆ ಹಂಚಿಕೊಂಡರು. ವಾರಕ್ಕೊಂದು ಸಲ ಒಬ್ಬೊಬ್ಬರಿಗೆ ಇಪ್ಪತ್ತು ನಿಮಿಷ. ನಿಯಮ ಒಂದೇ: ಫೋಟೋ ಕಳಿಸೋ ಹಾಗಿಲ್ಲ, ಬಾಯಲ್ಲಿ ಹೇಳಬೇಕು. ನೆಟ್ ಇಲ್ಲದವರು ಫೋಟೋ ಕಳಿಸೋಕಾಗಲ್ಲ, ಅವರಿಗೊಂದು ಇವರಿಗೊಂದು ಬೇಡ ಅಂತ ಮಾಡಿದ್ದು. ಆದರೆ ಬಾಯಲ್ಲಿ ಹೇಳ್ತಾ ಹೇಳ್ತಾ ಅರ್ಧ ಜನ ತಮ್ಮ ತಪ್ಪು ತಾವೇ ಹಿಡೀತಿದ್ದರಂತೆ. ನಮ್ಮ ಸಾಫ್ಟ್‌ವೇರಿನಲ್ಲಿ ಇದಕ್ಕೆ ರಬ್ಬರ್ ಡಕ್ ಡಿಬಗ್ಗಿಂಗ್ ಅಂತಾರೆ, ಮೇಜಿನ ಮೇಲೊಂದು ರಬ್ಬರ್ ಬಾತುಕೋಳಿ ಇಟ್ಟು ಅದಕ್ಕೆ ಕೋಡ್ ವಿವರಿಸೋದು. ಇಲ್ಲಿ ಬಾತುಕೋಳಿಗೆ ಬದಲು ಇಪ್ಪತ್ತೆಂಟು ವರ್ಷ ಅನುಭವದ ಮನುಷ್ಯ ಇದ್ದರು.

ಅಕ್ಟೋಬರಿನಲ್ಲಿ ಒಂದು ಸಂಜೆ ಬಿಡಿ ಐಸಿಗಳನ್ನು ಕೊಡೋಕೆ ಅವರ ಮನೆಗೆ ಹೋಗಿದ್ದೆ. ಫೋನ್ ಸ್ಪೀಕರಿನಲ್ಲಿತ್ತು. ಆ ಕಡೆ ಶರಾವತಿ ಹಿನ್ನೀರಿನ ಆಚೆ, ತುಮರಿ ಕಡೆಯ ಹುಡುಗಿ. ಈಗ ಅಲ್ಲಿಗೆ ಸೇತುವೆ ಬಂದಿದೆ, ಆಗ ಅವಳ ಡಬ್ಬಿ ಲಾಂಚ್ ದಾಟಿ ಹೋಗಿತ್ತು. ಮೊಬೈಲ್ ಸಿಗ್ನಲ್ ಇಲ್ಲ. ಇದ್ದದ್ದು ಮನೆಯ ಲ್ಯಾಂಡ್‌ಲೈನು. ಜಗಲಿಯಲ್ಲಿ ಫೋನ್ ಪಕ್ಕ ಮಣೆ ಹಾಕ್ಕೊಂಡು, ಅದರ ಮೇಲೆ ಬ್ರೆಡ್‌ಬೋರ್ಡ್ ಇಟ್ಕೊಂಡು ಕೂತಿದ್ದಳು.

"ಸರ್, ಎಲ್‌ಇಡಿ ಒಂದೂ ಹತ್ತುತಾ ಇಲ್ಲ."

"ವೋಲ್ಟೇಜ್ ನೋಡಿದ್ಯೇನಮ್ಮಾ?"

"ನೋಡ್ದೆ ಸರ್. ಐದು ಇದೆ."

"ಎಲ್ಲಿ ನೋಡ್ದೆ?"

"ಬ್ರೆಡ್‌ಬೋರ್ಡ್ ಅಂಚಲ್ಲಿ ಸರ್, ಆ ಉದ್ದ ಲೈನಲ್ಲಿ."

"ಅಂಚಿಗೆ ಬಂದ್ರೆ ಸಾಲ್ದು. ಐಸಿ ಯಾವ ಪಿನ್ನಿಗೆ ಕೊಟ್ಟಿದೀಯ?"

"ಹದಿನಾಲ್ಕಕ್ಕೆ ಪ್ಲಸ್ಸು, ಏಳಕ್ಕೆ ಗ್ರೌಂಡು. ಹೋದ ವಾರ ಎಲ್ಲದಕ್ಕೂ ಹಂಗೇ ಅಲ್ವಾ ಸರ್?"

ಸರ್ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. ಹಳೇ ಬಲೆ ಇದು. ಹದಿನಾಲ್ಕು ಪಿನ್ನಿನ ಗೇಟ್ ಐಸಿಗಳಿಗೆಲ್ಲ ಪವರ್ ಹದಿನಾಲ್ಕು, ಏಳು. ಆದರೆ ಆ ವಾರದ 7490 ಡಿಕೇಡ್ ಕೌಂಟರಿಗೆ ಮಾತ್ರ ಐದು ಮತ್ತು ಹತ್ತು. ನಾನೂ ಇದೇ ಲ್ಯಾಬಲ್ಲಿ ಇದೇ ಬಲೆಗೆ ಬಿದ್ದು, ಇದೇ ಸರ್ ಹತ್ತಿರ ಬೈಸ್ಕೊಂಡವನು. ಉತ್ತರ ಬಾಯಿ ತುದಿಗೆ ಬಂದಿತ್ತು. ಸರ್ ಕೈ ಎತ್ತಿ ಸುಮ್ಮನಿರು ಅಂದರು.

"ಹೋದ ವಾರದ್ದು ಹೋದ ವಾರಕ್ಕೆ ಆಯ್ತು. ಡಬ್ಬಿ ತಳದಲ್ಲಿ ಜೆರಾಕ್ಸ್ ಹಾಳೆ ಇದೆಯಲ್ಲ, ತೆಗೆದು ನೋಡು. ನಾನು ಲೈನಲ್ಲೇ ಇರ್ತೀನಿ."

ಎರಡು ನಿಮಿಷ ಬರೀ ಸದ್ದು. ಹಾಳೆ ಮಗುಚೋದು, ಕೊಟ್ಟಿಗೆಯಲ್ಲಿ ದನ ಕೂಗೋದು, ಹಿಂದೆ ಯಾರೋ "ಇನ್ನೂ ಆಗ್ಲಿಲ್ವನೇ?" ಅನ್ನೋದು. ಆಮೇಲೆ "ಅಯ್ಯೋ ಸರ್! ಐದು, ಹತ್ತು!" ಮತ್ತೆ ವೈರು ಕಿತ್ತು ಹಾಕೋ ಮೌನ. ಆಮೇಲೆ ಅವಳು ಎಣಿಸೋಕೆ ಶುರು ಮಾಡಿದಳು. ಬೈನರಿಯಲ್ಲಿ ಉರಿಯೋದನ್ನು ನೋಡಿ ಕನ್ನಡದಲ್ಲಿ ಹೇಳೋದು. ಒಂದು... ಎರಡು... ಮೂರು... ಇಲ್ಲಿ ಸರ್ ಬೆರಳು ಮಡಚ್ತಾ ಇದ್ದರು.

"ಒಂಬತ್ತಾದ್ಮೇಲೆ ಏನಾಯ್ತು?"

"ಎಲ್ಲ ಆರಿತು ಸರ್. ಸೊನ್ನೆ. ಮತ್ತೆ ಒಂದು ಬಂತು."

ಸರ್ ನೋಟ್‌ಬುಕ್ಕಿನಲ್ಲಿ ಅವಳ ಯುಎಸ್‌ಎನ್ ಮುಂದೆ ಹತ್ತಕ್ಕೆ ಹತ್ತು ಬರೆದು, "ಸರಿ, ಚಾರ್ಜರ್ ತೆಗಿ, ಹೋಗಿ ಊಟ ಮಾಡು" ಅಂದರು.

ಎಲ್ಲ ಡಬ್ಬಿಗಳ ಕತೆಯೂ ಹೀಗಿಲ್ಲ. ನವೆಂಬರ್ 17ಕ್ಕೆ ಕಾಲೇಜು ತೆರೆಯಿತು, ಕೋವಿಡ್ ಟೆಸ್ಟು, ಅಪ್ಪ ಅಮ್ಮನ ಒಪ್ಪಿಗೆ ಪತ್ರ ಎಲ್ಲ ಹಿಡ್ಕೊಂಡು ಹುಡುಗರು ಮೆಲ್ಲಗೆ ಬರೋಕೆ ಶುರು ಮಾಡಿದರು. ಹೊಸ ವರ್ಷದ ಹೊತ್ತಿಗೆ ಡಬ್ಬಿಗಳು ವಾಪಸ್ ಬಂದವು. ಒಂದಕ್ಕೆ ಸುತ್ತಿದ್ದ ಟೇಪು ಕೂಡ ಕಿತ್ತಿರಲಿಲ್ಲ. ಆ ಹುಡುಗನ ಅಪ್ಪ ಹೋಟೆಲ್ ಕೆಲಸ ಕಳ್ಕೊಂಡು ಊರಿಗೆ ಬಂದಿದ್ದರು. ಹುಡುಗ ಗಾಡಿಯಲ್ಲಿ ತರಕಾರಿ ಮಾರ್ತಿದ್ದ. ವಾರದ ಕಾಲಿಗೆ ಎರಡು ಸಲ ಎತ್ತಿದ್ದ, ಆಮೇಲೆ ಎತ್ತಲಿಲ್ಲ. ಎತ್ತಿದ ಆ ಎರಡು ಸಲವೂ ಸ್ನೇಹಿತನ ರೀಡಿಂಗ್ ಕೇಳ್ಕೊಂಡು ಒಪ್ಪಿಸಿದ್ದ. ಅದೂ ನಮ್ಮವರಿಗೆ ಗೊತ್ತಾಗಿತ್ತು. ಇಂಟರ್ನಲ್ಸ್‌ನಲ್ಲಿ ಅವನನ್ನು ಫೇಲ್ ಮಾಡೋದಾ ಬಿಡೋದಾ ಅಂತ ಮೇಡಂ ಎರಡು ದಿನ ಒದ್ದಾಡಿದರು. ಕೊನೆಗೆ ಪಾಸ್ ಮಾರ್ಕ್ಸ್ ಹಾಕಿದರು. ಸರಿನಾ ತಪ್ಪಾ ಅಂತ ಇವತ್ತಿಗೂ ಅವರಿಗೆ ತೀರ್ಮಾನ ಇಲ್ಲ, ನನಗೂ ಇಲ್ಲ. ಪರೀಕ್ಷೆಗೆ ಮುಂಚೆ ಅಂಥ ಏಳೆಂಟು ಜನರನ್ನು ಇನ್‌ಸ್ಟ್ರಕ್ಟರ್ ಸರ್ ಭಾನುವಾರ ಕರೆಸಿ ಲ್ಯಾಬ್ ತೆರೆದು ಕೂರಿಸಿಕೊಂಡರು. ಬಂದವರು ನಾಲ್ಕೇ ಜನ.

ಇನ್ನೊಂದು ವಿಷಯ ನನಗೆ ತಡವಾಗಿ ಗೊತ್ತಾಯ್ತು. ಆ ಇಡೀ ಸೆಮಿಸ್ಟರು ಕಾಲೇಜು ಇವರಿಗೆಲ್ಲ ಕೊಟ್ಟಿದ್ದು ಅರ್ಧ ಸಂಬಳ. ಫೀಸ್ ಬಂದಿಲ್ಲ ಅನ್ನೋದು ಕಾರಣ. ಕಾಲೇಜಿನ ಹೆಸರು ಬೇಡ ಅಂದಿದ್ದು ಇದಕ್ಕೇ, ಸರ್ ಇನ್ನೂ ಅಲ್ಲೇ ಇದ್ದಾರೆ. ವಾರಕ್ಕೆ ಏಳು ಗಂಟೆ ಸ್ವಂತ ಫೋನಿನಲ್ಲಿ ಮಾತಾಡ್ತಿದ್ದ ಮನುಷ್ಯ ಬೆಳಗ್ಗೆ ಹೊತ್ತು ಊರಲ್ಲಿ ಮಿಕ್ಸಿ, ಫ್ಯಾನು, ಇನ್ವರ್ಟರ್ ರಿಪೇರಿ ಮಾಡ್ತಿದ್ದರು. ನಾನು ಐಸಿ ಕೊಡೋಕೆ ಹೋದ ದಿನ ಹಜಾರದ ಮೂಲೆಯಲ್ಲಿ ಮೂರು ಮಿಕ್ಸಿ ಬಿಚ್ಚಿ ಬಿದ್ದಿದ್ದವು. ಅವರ ಮನೆಯದೇ ಇರಬೇಕು ಅಂದ್ಕೊಂಡಿದ್ದೆ. ಒಂದು ಮನೆಗೆ ಮೂರು ಮಿಕ್ಸಿ ಯಾಕಿರುತ್ತೆ ಅಂತ ಆಗ ನನಗೆ ಹೊಳೀಲೇ ಇಲ್ಲ.

ಇಂಟರ್‌ವ್ಯೂಗೆ ವಾಪಸ್ ಬರ್ತೀನಿ. ಆ ಹುಡುಗ ಬೇರೆ ಕಾಲೇಜಿನವನು. "ಥರ್ಡ್ ಸೆಮ್ ಲ್ಯಾಬ್ ಹೇಗೆ ಮಾಡಿದ್ರಿ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರ್, ಯೂಟ್ಯೂಬ್ ನೋಡಿ ರೆಕಾರ್ಡ್ ಬರೆದ್ವಿ" ಅಂದ. ಸುಳ್ಳು ಹೇಳಬಹುದಿತ್ತು, ನಮ್ಮದು ಎಲೆಕ್ಟ್ರಾನಿಕ್ಸ್ ಕೆಲಸವೂ ಅಲ್ಲ. ಆಮೇಲೆ ಕೊಟ್ಟ ಕೋಡಿನಲ್ಲಿ ಬಗ್ ಹುಡುಕೋಕೆ ಅವನು ತುಂಬಾ ತಡಕಾಡಿದ, ಸಿಗಲಿಲ್ಲ. ಸೆಲೆಕ್ಟ್ ಆಗಲಿಲ್ಲ. ಸೀನಿಯರ್ ನನ್ನ ಕಡೆ ತಿರುಗಿ "ನಾನು ಹೇಳ್ಲಿಲ್ವಾ?" ಅನ್ನೋ ಥರ ನೋಡಿದರು. ಅವತ್ತು ನನ್ನ ಹತ್ತಿರ ವಾದ ಇರಲಿಲ್ಲ. ಫೀಡ್‌ಬ್ಯಾಕ್ ಫಾರ್ಮಿನಲ್ಲಿ ಮಾತ್ರ "ಬ್ಯಾಚ್ ಕಾರಣ" ಅಂತ ಬರೆಯೋಕೆ ಬಿಡಲಿಲ್ಲ. ಡಿಬಗ್ಗಿಂಗ್ ಸಾಲದು, ಆರು ತಿಂಗಳ ನಂತರ ಮತ್ತೆ ಕರೀಬಹುದು ಅಂತ ಬರೆದೆ.

ಅದೇ ವಾರಾಂತ್ಯ ಊರಿಗೆ ಹೋದವನು ಕಾಲೇಜಿಗೂ ಹೋಗಿ ಬಂದೆ. ಶನಿವಾರ ಮಧ್ಯಾಹ್ನ ಲ್ಯಾಬ್ ಖಾಲಿಯಿತ್ತು. ಸಿಆರ್‌ಒಗಳ ಮೇಲಿನ ಬೀರುವಿನಲ್ಲಿ ಆ ರಟ್ಟಿನ ಡಬ್ಬಿಗಳು ಇನ್ನೂ ಇದ್ದವು, ನಲವತ್ತೋ ನಲವತ್ತೈದೋ. ಹಾಸ್ಟೆಲಿನವರು ವಾರಾಂತ್ಯಕ್ಕೆ ತಗೊಂಡು ಹೋಗ್ತಾರಂತೆ, ಲೈಬ್ರರಿ ಪುಸ್ತಕದ ಥರ. ಅದಕ್ಕೊಂದು ರಿಜಿಸ್ಟರ್ ಬೇರೆ. ಸರ್ ಟೀ ತರಿಸೋಕೆ ಹೊರಗೆ ಹೋದಾಗ ತೆರೆದು ನೋಡಿದೆ. ದಿನಾಂಕ, ಯುಎಸ್‌ಎನ್, ಡಬ್ಬಿ ನಂಬರ್, ಸಹಿ. ಕೊನೆಯ ಕಾಲಮ್ಮಿನಲ್ಲಿ ಸರ್ ಅಕ್ಷರ, ಕೆಂಪು ಪೆನ್ನಿನಲ್ಲಿ: "7490 ಒಂದು ಹೋಗಿದೆ. ಹೇಗೆ ಹೋಯ್ತು ಅಂತ ಹೇಳಿದ. ಬೇರೆ ಕೊಟ್ಟಿದೆ."